ಕೊಳದಪ್ಪಲೆಯೊಳಗೆ ತಲೆ ಹಾಕುತ್ತಿದ್ದವರು

ನಾನು ಮೊದಲ ಸಲ ನೋಡಿದಾಗ ಅವರ ತಲೆ ಕೊಳದಪ್ಪಲೆಯೊಳಗಿತ್ತು. ಬಿಳಿ ಪಂಚೆ, ಬೆವರಿಗೆ ಬೆನ್ನಿಗಂಟಿದ ಬನಿಯನ್, ಭುಜದಿಂದ ಮೇಲಕ್ಕೆ ಬರೀ ಹಿತ್ತಾಳೆ. "ಒಂದ್ನಿಮಿಷ ಸ್ವಾಮಿ, ಬಂದೆ" ಎಂಬ ಮಾತು ಪಾತ್ರೆಯ ತಳದಿಂದ ಗುಂಯ್‌ಗುಡುತ್ತ ಬಂತು.

ಚಾಮರಾಜಪೇಟೆಯಲ್ಲಿ ಅವರು ಮದುವೆ ಮನೆಗಳಿಗೆ ಪಾತ್ರೆ ಬಾಡಿಗೆಗೆ ಕೊಡುತ್ತಿದ್ದರು. ಹಿಂತಿರುಗಿದ ಪ್ರತಿ ಪಾತ್ರೆಯನ್ನೂ ಹೀಗೆ ಮೂಸಿ, ತಳವನ್ನು ಬೆರಳಿನಿಂದ ಸವರಿ ನೋಡುವುದು ಅವರ ಪದ್ಧತಿ. ಒಳಗಿನ ತವರದ ಕಲಾಯಿ ಸವೆದಿದ್ದರೆ ಹುಣಸೆಹಣ್ಣು ಹಾಕಿದ ಅಡುಗೆ ಕಿಲುಬು ಹತ್ತಿ ಕೆಡುತ್ತದೆ. ಗಿರಾಕಿ ಐದು ಪಾತ್ರೆ ಕೇಳಿದರೆ, "ನಿಮ್ಮ ಜನಕ್ಕೆ ಮೂರು ಸಾಕು, ಸುಮ್ನೆ ಯಾಕೆ ಹೊತ್ಕೊಂಡು ಹೋಗ್ತೀರಿ?" ಎಂದು ಮೂರೇ ಕೊಡುತ್ತಿದ್ದರು. ಅಲ್ಲಿದ್ದ ಬಹುಪಾಲು ಪಾತ್ರೆಗಳು ನನಗಿಂತ ಹಿರಿಯವು.

ತೊಂಬತ್ತರ ದಶಕದಲ್ಲಿ ನಾನು ಪತ್ರಿಕೆಯ ವಾಣಿಜ್ಯ ಪುಟದಲ್ಲಿದ್ದೆ. ಅವರ ಬಗ್ಗೆ ಲೇಖನ ಬರೆದು, ಇಂಥ ಅಂಗಡಿ ಪ್ರತಿ ಬಡಾವಣೆಯಲ್ಲೂ ಏಕಿರಬಾರದು ಎಂದು ಮುಗಿಸಿದೆ. ಅವರು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದರು. ಕೆಲವೇ ತಿಂಗಳಲ್ಲಿ ಮಲ್ಲೇಶ್ವರದಲ್ಲಿ ಎರಡನೇ ಅಂಗಡಿ ತೆರೆದು, ತಮ್ಮ ಭಾವಮೈದುನರೊಬ್ಬರನ್ನು ಅಲ್ಲಿ ಕೂರಿಸಿದರು. "ಬರೆದೋರು ನೀವು. ಓಡದಿದ್ರೆ ನಿಮ್ಮನ್ನೇ ಪಾತ್ರೆ ತೊಳೆಯಕ್ಕೆ ಇಟ್ಕೋತೀನಿ" ಎಂದು ನಕ್ಕರು.

ನನ್ನ ತಂಗಿಯ ಮದುವೆ ಮಲ್ಲೇಶ್ವರದ ಛತ್ರದಲ್ಲಿ ನಡೆಯಿತು. ಹತ್ತಿರವೆಂದು ಆ ಹೊಸ ಅಂಗಡಿಯಿಂದಲೇ ಪಾತ್ರೆ ತಂದಿದ್ದೆವು. ಮುಹೂರ್ತಕ್ಕೆ ಎರಡು ಗಂಟೆ ಇರುವಾಗ ಅಡುಗೆಯವರು ಸೌಟನ್ನು ನನ್ನ ಮುಂದೆ ಹಿಡಿದರು.

"ಹುಳಿ ಕಿಲುಬಾಗಿದೆ ಸಾರ್. ಇದನ್ನ ಬೀಗರಿಗೆ ಬಡಿಸಕ್ಕಾಗುತ್ತಾ?"

ಚಾಮರಾಜಪೇಟೆಗೆ ಫೋನ್ ಮಾಡಿದೆ. ಮುಕ್ಕಾಲು ಗಂಟೆಯೊಳಗೆ ಅವರು ಲಗೇಜ್ ಆಟೊದ ಹಿಂಬದಿಯಲ್ಲಿ ಎರಡು ಕೊಳದಪ್ಪಲೆಗಳನ್ನು ತಬ್ಬಿಕೊಂಡು ಬಂದಿಳಿದರು. ನಮ್ಮ ತಂದೆಗೆ ಕೈಮುಗಿದರು. ಹುಳಿಯನ್ನು ಚೆಲ್ಲಿಸಿ, ಪಂಚೆ ಎತ್ತಿಕಟ್ಟಿ ತಾವೇ ತರಕಾರಿ ಹೆಚ್ಚಲು ಕೂತರು. ಊಟ ಅರ್ಧ ಗಂಟೆ ತಡವಾಯಿತು, ಅಷ್ಟೇ. ಬೀಗರಿಗೆ ಕಾರಣ ಇಂದಿಗೂ ಗೊತ್ತಿಲ್ಲ.

ಮರುವಾರ ಅವರು ಎರಡನೇ ಅಂಗಡಿಯನ್ನು ಮುಚ್ಚಿದರು. ಭಾವಮೈದುನರು ಚಾಮರಾಜಪೇಟೆಗೇ ಬಂದು ಅವರ ಪಕ್ಕ ನಿಂತರು. ಕ್ಷಮೆ ಕೇಳಲು ಹೋದ ನನಗೆ ಯಜಮಾನರು ಕಾಫಿ ತರಿಸಿ, ಭಾವಮೈದುನರತ್ತ ಕೈ ತೋರಿಸಿದರು.

"ಅವನೂ ಮೂಸ್ತಾನೆ, ಪಾಪ. ಏನು ಹುಡುಕ್ಬೇಕು ಅಂತ ಗೊತ್ತಾಗಕ್ಕೇ ಹತ್ತು ವರ್ಷ ಬೇಕು. ಗೊತ್ತಿರೋರನ್ನ ಕೂರಿಸೋಣ ಅಂದ್ರೆ ಅವರ ಸಂಬಳಕ್ಕೆ ಬಾಡಿಗೆ ಏರಿಸ್ಬೇಕು. ಏರಿಸಿದ್ರೆ ನೀವೇ ಬರಲ್ಲ."

"ನಾನು ಬರೆದದ್ದು ತಪ್ಪಾಯ್ತು" ಎಂದೆ.

"ಬಿಡಿ ಸ್ವಾಮಿ. ಪಾತ್ರೆ ನೋಡಿದ್ರಿ, ಮೂಗು ನೋಡ್ಲಿಲ್ಲ."

ನನ್ನ ಲೇಖನವನ್ನು ಮಾತ್ರ ಅವರು ಗೋಡೆಯಿಂದ ಕೀಳಲಿಲ್ಲ. ಆಮೇಲೆ ಯಾರದೇ ಹೊಸ ಶಾಖೆಯ ಸುದ್ದಿ ಬರೆಯುವಾಗಲೂ, ಅಲ್ಲಿ ಮೂಸಿ ನೋಡುವವರು ಯಾರು ಎಂದು ಕೇಳಿಕೊಳ್ಳುವುದು ನನಗೆ ಅಭ್ಯಾಸವಾಯಿತು. ಯಾವ ಸಂಪಾದಕರೂ ಅದನ್ನು ನನಗೆ ಕಲಿಸಿರಲಿಲ್ಲ.

ಹತ್ತು ವರ್ಷದ ಮೇಲೆ ಅವರು ತೀರಿಕೊಂಡರು. ವೈಕುಂಠ ಸಮಾರಾಧನೆಯ ಅಡುಗೆಗೆ ಅವರದೇ ಪಾತ್ರೆಗಳು ಬಂದಿದ್ದವು. ನಾನು ಹಿತ್ತಿಲಿಗೆ ಹೋದಾಗ ಭಾವಮೈದುನರು ಕೊಳದಪ್ಪಲೆಯೊಳಗೆ ತಲೆ ಹಾಕಿದ್ದರು. ನಾನು ಕಾದು ನಿಂತೆ. ತಲೆ ಎತ್ತಿದವರು ಆ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ, ಅಡುಗೆಯವರಿಗೆ ಹೇಳಿದರು:

"ಇದು ಬೇಡ. ಇನ್ನೊಂದು ತರ್ತೀನಿ, ಇರಿ."