ಮನೆ ಅಳಿಯನಿಗೆ ಮೊದಲ ಮಣೆ ಹಾಕಿದ ಮೇಷ್ಟ್ರು

ಯುನಿಕ್ಸ್ ವ್ಯವಸ್ಥೆಯ ಕಂಪ್ಯೂಟರಿನೊಳಗೆ ಯಾವ ಪ್ರೋಗ್ರಾಮಿಗೆ ಮೊದಲ ಸರದಿ, ಯಾವುದು ಕಾಯಬೇಕು ಎಂದು ಗೊತ್ತುಮಾಡುವ ಕೆಲಸ ಸರಿಯಾದಾಗ ಯಾರೂ ಹೊಗಳುವುದಿಲ್ಲ, ತಪ್ಪಿದಾಗ ಬಯ್ಯದವರಿಲ್ಲ. ಈ ಕೆಲಸವನ್ನು ಗಾಜಿನ ಬಾಟಲಿ ಕಾರ್ಖಾನೆಯೊಂದರಲ್ಲಿ ಮುಖ ಸಿಂಡರಿಸದೆ ನಡೆಸಿಕೊಂಡು ಬಂದು, ಈಗ ನಿವೃತ್ತರಾಗುತ್ತಿರುವ ಹಿರಿಯ ಇಂಜಿನಿಯರರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೂ ಕುಲುಮೆಯವರಿಂದ ಹಿಡಿದು ಕಾವಲಿನವರವರೆಗೆ ಎಲ್ಲರ ಬಾಯಲ್ಲೂ ಅವರು 'ಮೇಷ್ಟ್ರು'.

ಕುಲುಮೆಯಿಂದ ಇಳಿಯುವ ಕರಗಿದ ಗಾಜಿನ ಧಾರೆಯನ್ನು ಯಂತ್ರದ ಕತ್ತರಿ ತಕ್ಕ ಕ್ಷಣದಲ್ಲಿ ತುಂಡರಿಸಿ ಅಚ್ಚಿಗೆ ಬೀಳಿಸಬೇಕು. ರೆಪ್ಪೆ ಬಡಿಯುವಷ್ಟು ತಡವಾದರೂ ಬಾಟಲಿಯ ಬದಲು ಮುದ್ದೆ ಕೈಗೆ ಬರುತ್ತದೆ. ಆದ್ದರಿಂದ ಮೇಷ್ಟ್ರು ಕತ್ತರಿಯ ಪ್ರೋಗ್ರಾಮನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ತಮ್ಮ ವರದಿಯೇ ಮೊದಲು ಬರಬೇಕೆಂದು ಜನರಲ್ ಮ್ಯಾನೇಜರು ಹಟ ಹಿಡಿದಾಗ ಅವರು ಕೈಕಟ್ಟಿ ನಿಂತು, "ಸರ್, ವರದಿ ತಡವಾದ್ರೆ ನಿಮಗೆ ಸಿಟ್ಟು ಬರುತ್ತೆ. ಸಿಟ್ಟು ಸಂಜೆಗೂ ಬರಬಹುದು, ಗಾಜು ಕಾಯಲ್ಲ" ಎಂದಿದ್ದರಂತೆ.

ಬಾಟಲಿಗಳನ್ನು ಕ್ಯಾಮೆರಾದಿಂದ ಪರೀಕ್ಷಿಸುವ ಪ್ರೋಗ್ರಾಮು ಬರೆಯಲು ಕಿರಿಯ ಇಂಜಿನಿಯರೊಬ್ಬಳು ಸೇರಿದಾಗ ಆಕೆಗೆ ಅಲ್ಲಿ ಕಂಡ ಮೊದಲ ಸೋಜಿಗವೆಂದರೆ ಮೂಲೆಯಲ್ಲಿ ಒಂದು ಪರದೆ, ಒಂದು ಕೀಲಿಮಣೆ ಇದ್ದ ಟರ್ಮಿನಲ್. ಕತ್ತರಿಗಿಂತಲೂ ಮೇಲಿನ ಸ್ಥಾನ ಅದಕ್ಕೆ, ಕೆಲಸ ಮಾತ್ರ ಸೊನ್ನೆ. ಕಂಪ್ಯೂಟರ್ ವಿಭಾಗದವರು ಅದಕ್ಕೆ 'ಮನೆ ಅಳಿಯ' ಎಂದು ಹೆಸರಿಟ್ಟಿದ್ದರು. "ಕೂತು ಉಣ್ಣೋನಿಗೆ ಯಾಕೆ ಸರ್ ಮೊದಲ ಮಣೆ?" ಎಂದು ಆಕೆ ಕೇಳಿದಳು. "ಅಳಿಯನ ಬೆಲೆ ಮನೇಲಿ ಜಗಳ ಆದಾಗ ಗೊತ್ತಾಗುತ್ತಮ್ಮ" ಎಂದು ಮೇಷ್ಟ್ರು ನಕ್ಕರು.

ಆಕೆಯ ಕ್ಯಾಮೆರಾ ಸರದಿಗೆ ಕಾದು ಕಾದು ಎಷ್ಟೋ ಬಾಟಲಿಗಳನ್ನು ನೋಡದೆಯೇ ಬಿಟ್ಟುಬಿಡುತ್ತಿತ್ತು. ಆಕೆ ಬೇಡಿಕೊಂಡ ಮೇಲೆ ಮೇಷ್ಟ್ರು ಆ ಪ್ರೋಗ್ರಾಮನ್ನು ಕತ್ತರಿಯ ಸಮಕ್ಕೇ ಕೂರಿಸಿದರು. ಆ ಸಾಲಿನ ನಿಯಮ ಕಠಿಣವಾದದ್ದು: ಸರದಿ ಹಿಡಿದವನು ತಾನಾಗಿ ಬಿಡುವವರೆಗೆ ಸಮಾನರೂ ಕಾಯಬೇಕು, ಕೆಳಗಿನವರೂ ಕಾಯಬೇಕು; ಮೇಲಿನವನೊಬ್ಬನೇ ನಡುವೆ ನುಗ್ಗಬಲ್ಲ. ಒಂದು ಮಧ್ಯಾಹ್ನ ಕ್ಯಾಮೆರಾದ ತಂತಿ ಸಡಿಲಾಯಿತು. ಪ್ರೋಗ್ರಾಮು ಬಾರದ ಚಿತ್ರಕ್ಕಾಗಿ ಗಿರಗಿರನೆ ಸುತ್ತುತ್ತ ಸರದಿಯನ್ನು ಬಿಡಲೇ ಇಲ್ಲ. ಕತ್ತರಿ ನಿಂತಿತು. ಗಾಜು ಅಚ್ಚುಗಳ ಮೇಲೆಲ್ಲ ಸುರಿಯತೊಡಗಿತು. ಯಾವ ಕೀಲಿಮಣೆ ಒತ್ತಿದರೂ ಪರದೆಯ ಮೇಲೆ ಒಂದಕ್ಷರ ಮೂಡಲಿಲ್ಲ. ಮೇಷ್ಟ್ರು ಮಾತ್ರ ಮೂಲೆಗೆ ನಡೆದು, ಅಳಿಯನ ಮುಂದೆ ಕುಳಿತು ಒಂದು ಸಾಲು ಬರೆದು, ಸುತ್ತುತ್ತಿದ್ದ ಪ್ರೋಗ್ರಾಮನ್ನು ಸಾಮಾನ್ಯರ ಸಾಲಿಗೆ ಇಳಿಸಿದರು. ಕತ್ತರಿ ಮತ್ತೆ ಬಡಿಯತೊಡಗಿತು.

ಅಚ್ಚುಗಳು ಹಾಳಾಗಿದ್ದವು. ಕೆಂಡವಾಗಿದ್ದ ಮ್ಯಾನೇಜರು, "ಯಾರ ಪ್ರೋಗ್ರಾಮ್ ಅದು? ಅವರು ನಾಳೆಯಿಂದ ಬರೋದು ಬೇಡ" ಎಂದರು. ಆಕೆಯ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆಕೆ ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಎದ್ದು ನಿಂತಿದ್ದರು. "ಪ್ರೋಗ್ರಾಮ್ ಅಂದಮೇಲೆ ತಪ್ಪು ಇದ್ದೇ ಇರುತ್ತೆ ಸರ್. ಅದನ್ನ ಪೂರ್ತಿ ಪರೀಕ್ಷೆ ಮಾಡದೆ ಕತ್ತರಿ ಪಕ್ಕ ಕೂರಿಸಿದೋನು ನಾನು. ಕೇಳೋದಿದ್ರೆ ನನ್ನ ಕೇಳಿ."

ಆಕೆ ಉಳಿದುಕೊಂಡಳು, ಬೆಳೆದಳು. ಈ ವರ್ಷ ವಿಭಾಗದ ಮುಖ್ಯಸ್ಥೆಯೂ ಆದಳು. ಬೀಳ್ಕೊಡುಗೆಗೆ ಕರೆಯಲು ಮೇಷ್ಟ್ರ ಮನೆಗೆ ಹೋದಾಗ ಅವರ ಶ್ರೀಮತಿಯವರು ಚಹಾ ಕೊಡುತ್ತ ಸಹಜವಾಗಿ ಹೇಳಿಬಿಟ್ಟರು: "ಆ ಮುಖ್ಯಸ್ಥರ ಕುರ್ಚಿ ಆಗ ಇವರಿಗೇ ಅಂತ ಆಗಿತ್ತಮ್ಮ. ಗಾಜು ಸುರಿದ ಮಾರನೇ ವಾರ ತಪ್ಪಿಹೋಯ್ತು." ಆಕೆಯ ಕೈಯ ಲೋಟ ಅಲ್ಲೇ ನಿಂತಿತು. ಇಷ್ಟು ವರ್ಷ ಯಾಕೆ ಹೇಳಲಿಲ್ಲವೆಂದು ಮೇಷ್ಟ್ರನ್ನು ಕೇಳಿದಳು.

"ಹೇಳಿದ್ರೆ ನೀನು ಹೆದರಿ ಹೆದರಿ ಬರೀತಿದ್ದೆ. ಹೆದರಿಕೊಂಡು ಬರೆದ ಪ್ರೋಗ್ರಾಮನ್ನ ದಿನಾ ನೋಡೋನು ನಾನೇ ತಾನೆ?" ಎಂದು ಅವರು ಬಿಸ್ಕತ್ತಿನ ತಟ್ಟೆ ಮುಂದಕ್ಕೆ ಸರಿಸಿದರು.

ಆಕೆ ಬಿಸ್ಕತ್ತು ತೆಗೆದುಕೊಂಡು, ಬೀಳ್ಕೊಡುಗೆಯ ದಿನ ತಿಳಿಸಿ ಬಂದಳು. ಅಂದು ಹೇಳದೆ ಉಳಿದದ್ದನ್ನು, ಬೀಳ್ಕೊಡುಗೆಗಾಗಿ ತಂದ ಈ ಅಭಿನಂದನ ಸಂಪುಟ ಆಕೆಯ ಪರವಾಗಿ ಅಚ್ಚು ಹಾಕಿ ಹೇಳುತ್ತಿದೆ: ಮೇಷ್ಟ್ರಿಗೆ ದೀರ್ಘಾಯುಷ್ಯವಿರಲಿ, ಕಣ್ಣು ಕೈ ಗಟ್ಟಿಯಾಗಿರಲಿ, ಮನಸ್ಸು ಬಂದಾಗಲೆಲ್ಲ ವಿಭಾಗಕ್ಕೆ ಬಂದು ನಮ್ಮ ತಪ್ಪುಗಳನ್ನು ಹುಡುಕುತ್ತಿರಲಿ. ಮುಖ್ಯಸ್ಥೆಯ ಕುರ್ಚಿಯಲ್ಲಿ ಆಕೆ ಇನ್ನೂ ಕುಳಿತಿಲ್ಲ. ಮೊದಲು ಅವರು ಒಂದು ದಿನ ಅದರಲ್ಲಿ ಕೂರಲಿ ಎಂದು ಪಕ್ಕದ ಸ್ಟೂಲಿನ ಮೇಲೆ ಕಾದಿದ್ದಾಳೆ.