ಎಸ್ತ್ರೆಯಾ ಕ್ಲಬ್ಬಿನ ಚರಿತ್ರೆ ಬರೆದ ವತ್ಸಲಾ

ಶಿಕಾಗೋದ ಹಳೆಯ ಕನ್ನಡಿಗರು ಸೇರಿದ ಕಡೆ ವತ್ಸಲಾಳ ಫುಟ್‌ಬಾಲ್ ಪ್ರಸಂಗವನ್ನು ಈಗಲೂ ತಮಾಷೆಯಾಗಿ ಹೇಳಿ ನಗುತ್ತಾರೆ. ಆಟದ ಗಂಧವೇ ಇಲ್ಲದ ಮೈಸೂರಿನ ಹೆಂಗಸೊಬ್ಬಳು ಚಿಲಿ ದೇಶದ ತಂಡದ ಮಾನ ಕಳೆದಳು ಎಂದು. ಅವಳು ಶಿಕಾಗೋದಲ್ಲಿದ್ದ ಅಷ್ಟೂ ವರ್ಷ ಡೆವನ್ ಅವೆನ್ಯೂ ಹತ್ತಿರ ಅವಳ ಕೆಳಗಿನ ಅಪಾರ್ಟ್‌ಮೆಂಟಿನಲ್ಲಿ ಇದ್ದವಳು ನಾನು. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ವತ್ಸಲಾ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಚರಿತ್ರೆಯಲ್ಲಿ ಮೊದಲ ರ್‍ಯಾಂಕ್ ಪಡೆದು ಎಂ.ಎ. ಮಾಡಿದವಳು. ಎರಡು ವರ್ಷ ಪಾಠವನ್ನೂ ಹೇಳಿದ್ದಳು. 1969ರಲ್ಲಿ ಎಂಜಿನಿಯರ್ ಗಂಡ ರಘೋತ್ತಮನ ಜೊತೆ ಇಲ್ಲಿಗೆ ಬಂದಾಗ ಅವಳನ್ನು ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಟೈಪಿಂಗ್ ಬರುತ್ತದೆಯೇ? ದಕ್ಷಿಣ ಭಾಗದ ಆಸ್ಪತ್ರೆಯೊಂದರ ರೆಕಾರ್ಡ್ ರೂಮಿನಲ್ಲಿ ಫೈಲು ಜೋಡಿಸುವ ಕೆಲಸ ಸಿಕ್ಕಿತು. ಅಲ್ಲಿಗೆ ಬರುತ್ತಿದ್ದ ರೋಗಿಗಳಲ್ಲಿ ಅರ್ಧದಷ್ಟು ಜನ ಸ್ಪ್ಯಾನಿಷ್ ಮಾತಾಡುವವರು. ವತ್ಸಲಾ ಸಂಜೆಯ ತರಗತಿಗೆ ಹೋಗಿ ಎರಡೇ ವರ್ಷದಲ್ಲಿ ಆ ಭಾಷೆ ಕಲಿತಳು. ಡಾಕ್ಟರುಗಳು ಬೇಕಾದಾಗಲೆಲ್ಲ ಅವಳನ್ನು ದುಭಾಷಿಯಾಗಿ ಕರೆಯುತ್ತಿದ್ದರು, ಮುಗಿದ ಮೇಲೆ ಫೈಲುಗಳ ನಡುವೆ ವಾಪಸು ಕಳಿಸುತ್ತಿದ್ದರು. ಅವಳ ಹೆಸರನ್ನು ಸರಿಯಾಗಿ ಹೇಳಲು ಯಾರೂ ಕಲಿಯಲಿಲ್ಲ. ಬಸ್ಸಿಳಿದು ಮನೆಗೆ ಬಂದವಳು ಕುಕ್ಕರಿನ ಮುಚ್ಚಳ ಹಾಕುವ ಸದ್ದು ನನ್ನ ಮನೆಗೆ ಕೇಳುತ್ತಿತ್ತು.

1971ರ ಚಳಿಗಾಲದಲ್ಲಿ ಲಾಸಾರೊ ಎಂಬ ಅರವತ್ತರ ಮುದುಕ ಎದೆರೋಗದ ಚಿಕಿತ್ಸೆಗೆ ಬಂದ. ಉಕ್ಕಿನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಕುಲುಮೆಯ ಮುಂದೆ ನಿಂತವನು. ಉದ್ಯೋಗ ಏನೆಂದು ಡಾಕ್ಟರು ಕೇಳಿದಾಗ ಅವನು "ಗೋಲ್‌ಕೀಪರ್" ಎಂದ. ಡಾಕ್ಟರು ನಕ್ಕರು. ವತ್ಸಲಾ ನಗಲಿಲ್ಲ.

"ಯಾವ ತಂಡಕ್ಕೆ?" ಎಂದು ಕೇಳಿದಳು.

ಮುದುಕ ಮೊದಲ ಸಲ ಅವಳತ್ತ ತಿರುಗಿ ನೋಡಿದ.

ಚಿಲಿಯ ಉತ್ತರದ ಬಂದರಿನ ಎಸ್ತ್ರೆಯಾ ಎಂಬ ಕ್ಲಬ್ಬು ಅವನದು. ಗೊಬ್ಬರಕ್ಕೆಂದು ಹೊರದೇಶಕ್ಕೆ ಹೋಗುವ ಪೆಟ್ಲುಪ್ಪಿನ ಮೂಟೆಗಳನ್ನು ಹಡಗಿಗೆ ಹೊರುವವರು ಕಟ್ಟಿಕೊಂಡದ್ದು. ಮೊದಲ ಅಂಗಿಗಳನ್ನು ಅವರ ಹೆಂಡಂದಿರು ಅದೇ ಮೂಟೆಯ ಗೋಣಿಯಿಂದ ಹೊಲಿದಿದ್ದರಂತೆ. ಬೆವರಿದರೆ ಉಪ್ಪಿನಂಶಕ್ಕೆ ಮೈ ಉರಿಯುತ್ತಿತ್ತಂತೆ. ಮುಂದೆ ಅದು ದೊಡ್ಡ ವೃತ್ತಿಪರ ಕ್ಲಬ್ಬಾಯಿತು. 1947ರಲ್ಲಿ ಮೂಟೆ ಹೊರುವವರು ಮುಷ್ಕರ ಹೂಡಿದಾಗ ಆಟಗಾರರೂ ಅವರ ಜೊತೆ ನಿಂತು ಮೈದಾನಕ್ಕೆ ಇಳಿಯಲಿಲ್ಲ. ಆಮೇಲೆ ಲಾಸಾರೊನನ್ನು ಯಾವ ಕ್ಲಬ್ಬೂ ಸೇರಿಸಲಿಲ್ಲ. ಹಡಗಿನ ಬಾಯ್ಲರ್ ಕೆಲಸ ಹಿಡಿದು ಅವನು ಈ ದೇಶಕ್ಕೆ ಬಂದ.

ಹದಿನೈದು ದಿನಕ್ಕೊಮ್ಮೆ ಅವನು ತಪಾಸಣೆಗೆ ಬರುತ್ತಿದ್ದ. ವತ್ಸಲಾ ಊಟದ ಬಿಡುವಿನಲ್ಲಿ ಅವನ ಪಕ್ಕ ಕೂತು, ಅವನು ಸ್ಪ್ಯಾನಿಷಿನಲ್ಲಿ ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಳು. "ಇದು ನೀವೇ ಕಂಡದ್ದೋ, ಕೇಳಿದ್ದೋ?" ಎಂದು ಪ್ರತಿ ಮಾತಿಗೂ ತಡೆದು ಕೇಳುತ್ತಿದ್ದಳು. ಅವನು ರೇಗುತ್ತಿದ್ದ. ಕೊನೆಗೆ ಊರಿನಲ್ಲಿ ಶಾಲಾ ಶಿಕ್ಷಕಿಯಾಗಿದ್ದ ತನ್ನ ತಂಗಿ ರೋಸಾಗೆ ಪತ್ರ ಬರೆದ. ರೋಸಾ ಹಳೆಯ ಪತ್ರಿಕೆಗಳ ತುಣುಕುಗಳನ್ನೂ 1940ರ ತಂಡದ ಫೋಟೋವನ್ನೂ ಕಳಿಸಿದಳು. ಎರಡು ವರ್ಷದಲ್ಲಿ ಆರು ನೋಟ್‌ಬುಕ್ ತುಂಬಿದವು. ಆ ದಿನಗಳಲ್ಲಿ ವತ್ಸಲಾ ಮೆಟ್ಟಿಲು ಹತ್ತುವಾಗ ಹಾಡಿಕೊಳ್ಳುತ್ತಿದ್ದಳು.

1973ರ ಸೆಪ್ಟೆಂಬರಿನಲ್ಲಿ ಚಿಲಿಯಲ್ಲಿ ಸೈನ್ಯ ಅಧಿಕಾರ ಹಿಡಿಯಿತು. 1940ರ ತಂಡದಲ್ಲಿ ಲಾಸಾರೊನ ಜೊತೆ ಆಡಿದ್ದ ಹೆರ್ನಾನ್ ಆಗ ಎಸ್ತ್ರೆಯಾದ ಕೋಚ್. ಸಿಪಾಯಿಗಳು ಅವನನ್ನು ಅಭ್ಯಾಸದ ಮೈದಾನದಿಂದಲೇ, ಬೂಟು ಬಿಚ್ಚಲೂ ಬಿಡದೆ, ಎಳೆದೊಯ್ದರು. ಮತ್ತೆ ಅವನ ಸುಳಿವೇ ಸಿಗಲಿಲ್ಲ.

ಮೂರು ವರ್ಷದ ಮೇಲೆ, 1976ರ ಬೇಸಿಗೆಯಲ್ಲಿ, ಅದೇ ಎಸ್ತ್ರೆಯಾ ತಂಡ ಶಿಕಾಗೋಗೆ ಬರುವುದೆಂದಾಯಿತು. ಆಸ್ಪತ್ರೆಯ ಮಕ್ಕಳ ವಾರ್ಡಿನ ಸಹಾಯಾರ್ಥ ಪ್ರದರ್ಶನ ಪಂದ್ಯ. ಕ್ಲಬ್ಬಿನವರು ಕಳಿಸಿದ್ದ ಹದಿನಾರು ಪುಟದ ಚರಿತ್ರೆಯನ್ನು ಇಂಗ್ಲಿಷಿಗೆ ಮಾಡಿ ಪ್ರೇಕ್ಷಕರಿಗೆ ಹಂಚಬೇಕಿತ್ತು. ಆಡಳಿತಾಧಿಕಾರಿ ಅದನ್ನು ವತ್ಸಲಾಳ ಮೇಜಿನ ಮೇಲೆ ಹಾಕಿ ಹೋದ.

ಅವಳು ಅದನ್ನು ಹಿಡಿದು ನೇರ ನನ್ನ ಅಡುಗೆಮನೆಗೆ ಬಂದಳು.

"ನೋಡು ಛಾಯಾ, ಕ್ಲಬ್ ಕಟ್ಟಿದ್ದು ಊರಿನ ವರ್ತಕರು ಮತ್ತು ನೌಕಾಪಡೆಯ ಅಧಿಕಾರಿಗಳಂತೆ. ಮುಷ್ಕರ ನಡೆದೇ ಇಲ್ಲ. 1946 ಆದ್ಮೇಲೆ ಸೀದಾ 1950. ಈ 1940ರ ತಂಡದ ಫೋಟೋ ನೋಡು. ಎಷ್ಟು ಜನ ಇದಾರೆ?"

"ಹತ್ತು."

"ಫುಟ್‌ಬಾಲಿಗೆ ಹತ್ತು ಜನಾನಾ? ಲಾಸಾರೊ ಭುಜ ನೋಡು."

ಗೋಲ್‌ಕೀಪರನ ಭುಜದ ಮೇಲೆ ಯಾರದೋ ನಾಲ್ಕು ಬೆರಳುಗಳಿದ್ದವು. ಬೆರಳಿನ ಹಿಂದೆ ಮನುಷ್ಯ ಇರಲಿಲ್ಲ, ಬರಿಯ ಗೋಡೆ. ಹೆರ್ನಾನ್‌ನನ್ನು ಅಳಿಸಿದವರಿಗೆ ಅವನ ಕೈಯನ್ನು ಪೂರ್ತಿ ಅಳಿಸುವಷ್ಟು ವ್ಯವಧಾನವೂ ಇದ್ದಿರಲಿಲ್ಲ.

ಆ ವಾರ ವತ್ಸಲಾ ಅನುವಾದ ಮಾಡಲಿಲ್ಲ. ತನ್ನ ಆರು ನೋಟ್‌ಬುಕ್ಕುಗಳಿಂದ ಹದಿನಾರು ಪುಟದ ನಿಜವಾದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದಳು. ಗೋಣಿಯ ಅಂಗಿ, ಮುಷ್ಕರ, ಹೆರ್ನಾನ್, ಎಲ್ಲ. ರೋಸಾ ಕಳಿಸಿದ್ದ ಹನ್ನೊಂದು ಜನರ ಫೋಟೋ ಅಂಟಿಸಿದಳು. ಕಲಿತ ವಿದ್ಯೆಯ ಶಿಸ್ತು ಬಿಡದೆ ಕೊನೆಯಲ್ಲಿ ಆಧಾರಗಳ ಪಟ್ಟಿಯನ್ನೂ ಕೊಟ್ಟಳು: ಹೇಳಿದವರು ಯಾರು, ಪತ್ರಿಕೆಯ ತುಣುಕುಗಳನ್ನು ಒದಗಿಸಿದವರು ಯಾರು ಎಂದು ಪೂರ್ತಿ ಹೆಸರುಗಳ ಸಮೇತ. ಲಾಸಾರೊನನ್ನು ಕೇಳಲಿಲ್ಲ. ರೆಕಾರ್ಡ್ ರೂಮಿನ ಗುಮಾಸ್ತೆ ಬರೆದದ್ದನ್ನು ಆಸ್ಪತ್ರೆಯಲ್ಲಿ ಯಾರು ಓದುತ್ತಾರೆ? ಯಾರೂ ಓದದೆ ಅದು ಅಚ್ಚಾಯಿತು.

ಪಂದ್ಯ ಆಗಸ್ಟಿನ ಒಂದು ಭಾನುವಾರ ಮಧ್ಯಾಹ್ನ. ವತ್ಸಲಾಳ ಜೊತೆ ನಾನೂ ಹೋಗಿದ್ದೆ. ಮೊದಲರ್ಧ ಮುಗಿಯುವ ಹೊತ್ತಿಗೆ ಗಣ್ಯರ ಸಾಲಿನಲ್ಲಿ ಕೂತಿದ್ದ ಕ್ಲಬ್ಬಿನ ಅಧ್ಯಕ್ಷರಿಗೆ ಯಾರೋ ಪುಸ್ತಿಕೆಯನ್ನು ಓದಿ ಹೇಳಿದರು. ಆ ಮನುಷ್ಯ ಎದ್ದು ಕೂಗಾಡತೊಡಗಿದ. ಪುಸ್ತಿಕೆಗಳನ್ನು ದಯವಿಟ್ಟು ಹಿಂದಿರುಗಿಸಬೇಕೆಂದು ಧ್ವನಿವರ್ಧಕದಲ್ಲಿ ಹೇಳಿದರು. ನಮ್ಮ ಮುಂದಿನ ಸಾಲಿನಲ್ಲಿ ಸ್ಪ್ಯಾನಿಷ್ ಮಾತಾಡುತ್ತಿದ್ದ ಹೆಂಗಸರು ಅವನ್ನು ಕೊಡದೆ ಬ್ಲೌಸಿನೊಳಗೆ ಸೇರಿಸಿಕೊಂಡರು. ವತ್ಸಲಾಳ ಮುಖದಲ್ಲಿ ಅಂಥ ಗೆಲುವನ್ನು ನಾನು ಹಿಂದೆ ನೋಡಿರಲಿಲ್ಲ.

ಸೋಮವಾರ ಕೆಲಸ ಹೋಯಿತು. ಮನೆಯಲ್ಲಿ ರಘೋತ್ತಮ ಕೂಗಾಡಿದ.

"ಯಾವ ದೇಶದ್ದೋ ಯಾವ ಆಟದ್ದೋ ಗಲಾಟೆ, ನಿನಗ್ಯಾಕೆ? ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿದೀನಿ. ಆಸ್ಪತ್ರೆಗೆ ಒಂದು ಅಪಾಲಜಿ ಲೆಟರ್ ಬರೆದುಕೊಡು, ಮುಗೀತು."

"ಸುಳ್ಳು ಬರೆದೋರು ಅವರು. ನಾನ್ಯಾಕ್ರೀ ಸಾರಿ ಕೇಳ್ಬೇಕು?"

"ನಿನ್ನ ಹಟಕ್ಕೆ ನಾವೆಲ್ಲ ಗಂಟುಮೂಟೆ ಕಟ್ಟಬೇಕಾಗತ್ತೆ!"

"ಕಟ್ಟೋಣ. ಫೈಲು ಜೋಡ್ಸಕ್ಕೇಂತ ಬಂದಿದ್ನಾ ನಾನು?"

ಅವಳು ಕ್ಷಮಾಪಣೆ ಬರೆಯಲಿಲ್ಲ.

ಅಕ್ಟೋಬರಿನಲ್ಲಿ ಲಾಸಾರೊ ಡೆವನ್‌ವರೆಗೆ ಬಸ್ಸಿನಲ್ಲಿ ಬಂದ. ಏದುಸಿರು ಬಿಡುತ್ತಾ ಮೂರು ಮಹಡಿ ಹತ್ತಿದವನ ಹಿಂದೆಯೇ ನಾನೂ ಗಾಬರಿಯಿಂದ ಹೋದೆ. ಅವನ ಕೈಯಲ್ಲಿ ಊರಿನಿಂದ ಬಂದ ಒಂದು ಪತ್ರವಿತ್ತು. ಅವರು ಆಡಿದ್ದನ್ನು ವತ್ಸಲಾ ಆಮೇಲೆ ನನಗೆ ಒಂದು ಅಕ್ಷರವೂ ಬಿಡದೆ ಹೇಳಿದಳು.

"ನನ್ನ ತಂಗಿಯ ಹೆಸರು ಯಾಕೆ ಹಾಕಿದೆ?"

"ಆಧಾರ ಕೊಡಬೇಕಲ್ಲ, ಸೆನ್ಯೋರ್. ಇಲ್ಲದಿದ್ದರೆ ಯಾರು ನಂಬುತ್ತಾರೆ..."

"ಆಧಾರವಂತೆ! ಅವಳು ನನ್ನ ತಂಗಿ!"

ಅಧ್ಯಕ್ಷರು ಪುಸ್ತಿಕೆಯನ್ನು ಊರಿಗೆ ಒಯ್ದಿದ್ದರು. ಸಿಪಾಯಿಗಳು ರೋಸಾಳ ಮನೆಗೆ ಬಂದರು. ಹನ್ನೊಂದು ದಿನ ಕೂಡಿಹಾಕಿ ಹೊಡೆದರು. ಎಡಗಿವಿ ಕೇಳಿಸದಂತಾಯಿತು, ಶಾಲೆಯ ಕೆಲಸ ಹೋಯಿತು. ಲಾಸಾರೊ ಪತ್ರವನ್ನು ಮೇಜಿನ ಮೇಲೆ ಎಸೆದು ಇಳಿದು ಹೋದ. ಮತ್ತೆಂದೂ ಅವಳ ಜೊತೆ ಮಾತಾಡಲಿಲ್ಲ.

ಅಲ್ಲಿಯವರೆಗೆ ವತ್ಸಲಾ ಕೋಪಿಸಿಕೊಂಡಿದ್ದು ಲೋಕದ ಮೇಲೆ. ಈಗ ಅದೆಲ್ಲ ತನ್ನ ಮೇಲೇ ತಿರುಗಿತು. ನಾನು ಸಮಾಧಾನ ಹೇಳಹೋದರೆ ಕೆರಳಿದಳು. "ಹೊಡೆದೋರು ಅವರೇ, ಗೊತ್ತು. ಮನೆ ತೋರ್ಸಿದ್ದು ನಾನು. ನನ್ನ ಪಾಂಡಿತ್ಯ ತೋರ್ಸಕ್ಕೆ ಹೋಗಿ."

ಅಳುತ್ತಾ ಕೂರಲಿಲ್ಲ. 1977ರಲ್ಲಿ ರಘೋತ್ತಮನಿಗೆ ಡಿಯರ್‌ಬಾರ್ನ್‌ನಲ್ಲಿ ಕೆಲಸ ಸಿಕ್ಕು ಅವರು ಡೆಟ್ರಾಯ್ಟ್ ಕಡೆಗೆ ಹೋದರು. ಅಲ್ಲಿ ಚಿಲಿಯ ನಿರಾಶ್ರಿತರಿಗೆ ನೆರವಾಗುತ್ತಿದ್ದ ಚರ್ಚಿನ ಗುಂಪೊಂದನ್ನು ಹುಡುಕಿಕೊಂಡು, ರೋಸಾಳ ವಿಷಯವಾಗಿ ಸೆನೆಟರುಗಳಿಗೆ, ಪತ್ರಿಕೆಗಳಿಗೆ ಬರೆದಳು. ಉತ್ತರ ಬರದಿದ್ದರೆ ಕಚೇರಿಗೇ ಹೋಗಿ ಕೂತಳು. "ನಿಮ್ಮಮ್ಮ ಮತ್ತೆ ಬಂದಿದಾಳೆ ಅಂತ ಸೆನೆಟರ್ ಆಫೀಸಿಂದ ಫೋನು ಮಾಡ್ತಾರೆ" ಎಂದು ರಘೋತ್ತಮ ಮಗ ಹರಿಯ ಹತ್ತಿರ ಗೊಣಗುತ್ತಿದ್ದನಂತೆ. ಆದರೆ ಕಾರಿನಲ್ಲಿ ಕರೆದೊಯ್ಯುತ್ತಿದ್ದವನೂ ಅವನೇ.

1978ರ ಏಪ್ರಿಲ್‌ನಲ್ಲಿ ಲಾಸಾರೊ ತೀರಿಕೊಂಡ. ರೋಸಾಗೆ ವೀಸಾ ಸಿಕ್ಕಿದ್ದು ಜುಲೈನಲ್ಲಿ. ಮೂರು ತಿಂಗಳು ತಡ ಮಾಡಿದ ವೀಸಾ ಕಚೇರಿಯವರನ್ನು ವತ್ಸಲಾ ಕೊನೆಯವರೆಗೂ ಬೈಯುತ್ತಿದ್ದಳು.

ರೋಸಾ ಅವರ ಮನೆಯಲ್ಲೇ ಇಳಿದುಕೊಂಡಳು. ಆ ವಾರಾಂತ್ಯ ನಾನೂ ಅಲ್ಲಿದ್ದೆ. ಸಣ್ಣ ಆಳು, ನೆಟ್ಟಗೆ ಕೂರುವ ಹೆಂಗಸು. ಊಟದ ಮೇಜಿನ ಮುಂದೆ ವತ್ಸಲಾಳನ್ನು ಸ್ಪ್ಯಾನಿಷಿನಲ್ಲಿ ಅರ್ಧ ಗಂಟೆ ಒಂದೇ ಸಮನೆ ಬೈದಳು. ಕೊನೆಗೆ ರೋಸಾ ಕೈಚೀಲದಿಂದ ಮಡಚಿ ಮಡಚಿ ಹರಿದಿದ್ದ ಆ ಪುಸ್ತಿಕೆಯನ್ನು ತೆಗೆದು, ಎರಡನೆಯ ಪುಟದ ಮೇಲೆ ಬೆರಳಿಟ್ಟಳು.

"ಇಲ್ಲಿ ತಪ್ಪು ಬರೆದಿದ್ದೀ. ಕ್ಲಬ್ ಶುರುವಾದದ್ದು 1912 ಅಲ್ಲ, 1913. ನನ್ನ ಅಣ್ಣನಿಗೆ ಇಸವಿ ಎಂದೂ ನೆನಪಿರುತ್ತಿರಲಿಲ್ಲ. ನನ್ನನ್ನು ಕೇಳಬೇಕಿತ್ತು."

"ಹೌದು, ಕೇಳಬೇಕಿತ್ತು" ಎಂದಳು ವತ್ಸಲಾ.

ಮುಂದಿನ ಒಂದೂವರೆ ವರ್ಷ ಆ ಇಬ್ಬರು ಹೆಂಗಸರು ಪ್ರತಿ ಶನಿವಾರ ಜಗಳವಾಡುತ್ತಲೇ ಎಸ್ತ್ರೆಯಾದ ಚರಿತ್ರೆಯನ್ನು ಮೊದಲಿನಿಂದ ಬರೆದರು. ಬದುಕಿರುವವರ ಒಂದು ಹೆಸರೂ ಅದರಲ್ಲಿ ಇಲ್ಲ.