ಬಳೆ ತೊಡಿಸುವ ಕೈ

ಮೊನ್ನೆ ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಒರಗಿದ್ದೆ. ಲವಂಗದೆಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಒಂದು ಕಾಲು ಕೆಳಗಿಳಿಸಿದೆ. ಮೊಮ್ಮಕ್ಕಳಿಗೆಲ್ಲ ಧೈರ್ಯ ಹೇಳುವ ಮುದುಕಿ ನಾನು. ಸೂಜಿ ಕಂಡರೆ ಇಂದಿಗೂ ಎದ್ದು ಓಡುವ ಪೈಕಿ. ನಗಬೇಡಿ, ಕಾರಣವಿದೆ.

ನಿಜಾಮರ ಆಳ್ವಿಕೆ ಇನ್ನೂ ಇದ್ದ ಕಾಲ. ನನಗೆ ಹದಿನೈದು. ನಮ್ಮವ್ವ ಕಲ್ಯಾಣದ ಪೇಟೆಯಲ್ಲಿ ಬಳೆ ತೊಡಿಸುತ್ತಿದ್ದಳು. ಎಂಥ ಬಿರುಸು ಕೈಯಾದರೂ ಗೆಣ್ಣು ನಾದಿ, ಹುಲಸೂರು, ಕೊಹಿನೂರು ಎಂದು ಸುತ್ತಲ ಊರುಗಳ ಸುದ್ದಿ ಹೇಳುತ್ತ ಹೇಳುತ್ತಲೇ ಗಾಜನ್ನು ಒಳಗೆ ಜಾರಿಸಿಬಿಡುವಳು. ಚಳಿಗಾಲದಲ್ಲಿ ಬಳೆಯನ್ನು ಮೊದಲು ಮುಷ್ಟಿಯಲ್ಲಿಟ್ಟು ಬೆಚ್ಚಗೆ ಮಾಡುವಳು. ನಾಲ್ಕಕ್ಷರ ಕಲಿತಿದ್ದ ನನಗೆ ಆ ಕಸುಬೆಂದರೆ ನಾಚಿಕೆ.

ದವಡೆ ಹಲ್ಲು ಕೊಳೆತು ಮುಖ ಊದಿದಾಗ ಅಪ್ಪ ಹುಮನಾಬಾದಿನ ಡಾಕ್ಟರರ ಬಳಿ ಕರೆದೊಯ್ದ. ಅವರು ಒಸಡು ಮರಗಟ್ಟಿಸುವ ತಣ್ಣನೆಯ ಮದ್ದನ್ನು ಸೂಜಿಯಿಂದ ಒಂದೇ ಸಲಕ್ಕೆ ಒತ್ತಿದರು. ನಾನು ಅವರ ಬೆರಳು ಕಚ್ಚಿ ಹೊರಗೋಡಿದೆ. ಮೂರನೆಯ ದಿನ ಬಾವು ಗಂಟಲಿಗಿಳಿದು ಗುಟುಕು ನೀರೂ ಇಳಿಯದಾಯಿತು.

ಈ ಸಲ ಅವ್ವ ಜೊತೆಗೆ ಬಂದಳು. ಕೀವು ಇನ್ನೂ ಕೆಳಗಿಳಿದರೆ ಉಸಿರು ಕಟ್ಟುತ್ತದೆ, ಹಲ್ಲು ಇವತ್ತೇ ಕೀಳಬೇಕು, ಹುಡುಗಿ ಮತ್ತೆ ಕದಲಿದರೆ ತಾವು ಹೊಣೆಯಲ್ಲ ಎಂದರು ಡಾಕ್ಟರು. ಸಾಯುತ್ತೇನೆಂದು ನನಗೆ ಗೊತ್ತು. ಬಾಯಿ ಮಾತ್ರ ತೆರೆಯಲೊಲ್ಲದು.

ಅವ್ವ ಮದ್ದಿನ ಪುಟ್ಟ ಸೀಸೆಯನ್ನು ಎತ್ತಿ ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಡಾಕ್ಟರು ಗದರಿದರೂ ಬಿಡಲಿಲ್ಲ. ಬೆಚ್ಚಗಾದ ಮೇಲೆ ಕೊಟ್ಟು, ನನ್ನ ಗಲ್ಲ ಹಿಡಿದು ಮೆಲ್ಲಗೆ ನಾದುತ್ತ ಅಲುಗಾಡಿಸತೊಡಗಿದಳು.

“ನಾ ಅಳ್ಳಾಡಸಾಕತ್ತೇನಿ, ನೀವು ಹಾಕ್ರಿ ಸಾಹೇಬ್ರ. ಜಲ್ದಿ ಮಾಡಬ್ಯಾಡ್ರಿ. ಗಾಜು ಹೋಗಿದ್ದು ಕೈಗೆ ಗೊತ್ತಾಗಬಾರದು.”

ಆಮೇಲೆ ನನಗೆ ನಿರ್ಣಾ ಎಂಬ ಊರಿನ ಯಾರೋ ಗೌಡತಿಯ ದಪ್ಪ ಕೈಯ ಕಥೆ ಹೇಳತೊಡಗಿದಳು. ಕೇಳುತ್ತ ಕೇಳುತ್ತ ನನ್ನ ಬಾಯಿ ತಾನೇ ತೆರೆದುಕೊಂಡಿತು. ಸೂಜಿ ಯಾವಾಗ ಬರುತ್ತದೋ ಎಂದು ನಾನು ಕಾಯುತ್ತಲೇ ಇದ್ದೆ. ಸೂಜಿ ಹಾಕಿ ಆಯಿತು ಎಂದರು ಡಾಕ್ಟರು, ಅವ್ವನ ಬೆರಳುಗಳನ್ನೇ ನೋಡುತ್ತ. ಹಲ್ಲು ಬಂತು, ಕೀವು ಹರಿಯಿತು, ಸಂಜೆಗೆ ಗಂಜಿ ಕುಡಿದೆ.

ಮುಂದೆ ವರ್ಷಗಟ್ಟಲೆ ನಾನು ಕಂಡಕಂಡವರ ಮುಂದೆ ಹೊಗಳಿದ್ದು ಆ ಡಾಕ್ಟರರ ಕೈಗುಣವನ್ನು. ಅದೂ ಅವ್ವನ ಎದುರಿಗೇ. ಅವಳು “ಹೌದವ್ವಾ, ಛಲೋ ಕೈ” ಎನ್ನುತ್ತ ಬಳೆ ಒರೆಸುತ್ತಿದ್ದಳು.

ಮೊನ್ನೆಯ ಡಾಕ್ಟರು ಚಿಕ್ಕ ವಯಸ್ಸಿನವರು. ಮದ್ದನ್ನು ಬೆಚ್ಚಗೆ ಮಾಡಿ, ನನ್ನ ಗಲ್ಲ ಹಿಡಿದು ಅಲುಗಾಡಿಸಿದರು. ಸೂಜಿ ಹೋದದ್ದು ತಿಳಿಯಲೇ ಇಲ್ಲ. ನನ್ನ ಕಣ್ಣೀರು ಕಂಡು ಗಾಬರಿಯಾಗಿ, ನೋವಾಯಿತೇ ಎಂದು ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ. ನಮ್ಮವ್ವ ಬಳೆ ತೊಡಿಸುತ್ತಿದ್ದಳು ಎಂದು ಮರಗಟ್ಟಿದ ತುಟಿಯಲ್ಲೇ ತೊದಲಿದೆ. ಹೊರಗಿನವರ ಮುಂದೆ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.